ಮೊಗೆಹೂವಿನ ಇಬ್ಬನಿ

ನಿವೃತ್ತನಾದ ವರ್ಷ ನಾನು ಸತ್ತೆನೆಂದು ನಮ್ಮ ಕೇರಿಯಲ್ಲಿ ಒಮ್ಮೆ ಸುದ್ದಿಯಾಗಿತ್ತು. ಬೆಳಿಗ್ಗೆ ಏಳೂವರೆಗೆ ಹಿತ್ತಲಿನ ಬೇಲಿ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು, ಬೋರಲಾಗಿ ಮಲಗಿ, ಉಸಿರು ಬಿಗಿಹಿಡಿದು ಒಂದು ತುಂಬೆ ಹೂವಿನ ಫೋಟೋ ತೆಗೆಯುತ್ತಿದ್ದೆ. ತುಂಬೆ ಹೂವು ಎಷ್ಟು ದೊಡ್ಡದು? ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದು. ಅದನ್ನು ಅಷ್ಟು ಹತ್ತಿರದಿಂದ ಹಿಡಿಯುವಾಗ ಉಸಿರಾಡಿದರೂ ಚಿತ್ರ ಅಲ್ಲಾಡುತ್ತದೆ. ಮೀನು ಮಾರಲು ಬಂದ ಹೆಂಗಸಿಗೆ ಬೇಲಿ ಸಂದಿಯಿಂದ ನನ್ನ ಅಲ್ಲಾಡದ ಎರಡು ಕಾಲು ಮಾತ್ರ ಕಂಡವು. ಬುಟ್ಟಿ ಇಳಿಸಿ, "ಅಯ್ಯಯ್ಯೋ, ಮಾಸ್ತರ್ರು ಹೋದ್ರು!" ಎಂದು ಕೂಗಿದಳು. ನನ್ನ ಹೆಂಡತಿ ಒಳಗಿನಿಂದಲೇ, "ಎಲ್ಲೂ ಹೋಗ್ಲಿಲ್ಲ, ಅಲ್ಲೇ ಬಿದ್ಕಂಡಿದ್ರು. ಬಂಗಡೆ ಹ್ಯಾಂಗೆ?" ಎಂದು ಕೇಳಿದಳು.

ಮೂವತ್ತು ಚಿಲ್ಲರೆ ವರ್ಷ ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ತಾಲೂಕಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿದವನು ನಾನು. ಪರಾಗಸ್ಪರ್ಶದ ಪಾಠಕ್ಕೆ ನನ್ನಷ್ಟು ಹೆಸರು ಮಾಡಿದ ಮಾಸ್ತರು ಈ ಕರಾವಳಿಯಲ್ಲೇ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ದಾಸವಾಳದ ಸೀಳುಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆದರೆ ನಿಜವಾದ ಹೂವಿನೊಳಗೆ ಒಮ್ಮೆಯೂ ಇಣುಕಿರಲಿಲ್ಲ. ಪುಸ್ತಕದಲ್ಲಿ ಚಿತ್ರ ಇತ್ತಲ್ಲ, ಮತ್ತೆ ಯಾಕೆ? ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದ ಮೇಲೆ ನನ್ನ ಮಾತು ಕೇಳುವವರು ಯಾರೂ ಇಲ್ಲದಾಯಿತು. ಹಿತ್ತಲಿನ ಹೂವುಗಳು ಮಾತ್ರ ಗಲಾಟೆ ಮಾಡದೆ ಸಾಲಾಗಿ ಕೂತಿದ್ದವು. ಹಾಗಾಗಿ ಕ್ಯಾಮೆರಾ ಕೊಂಡೆ.

ಹತ್ತಿರದ ಚಿತ್ರಕ್ಕೆ ಬೇಕಾದ ಮ್ಯಾಕ್ರೋ ಲೆನ್ಸನ್ನು ಭಟ್ಕಳದ ಮದುವೆ ಫೋಟೋಗ್ರಾಫರ್ ಒಬ್ಬ ಅಗ್ಗಕ್ಕೆ ಕೊಟ್ಟ, ತಾನು ಬಳಸಿದ ಹಳೇದು. "ಇದ್ರಲ್ಲಿ ಉಂಗುರ ಬಿಟ್ಟು ಬೇರೆ ಎಂತದೂ ತೆಗ್ದಿಲ್ಲ ಸರ್" ಎಂದ. ಹೊರಡುವಾಗ ಒಂದು ಗುಟ್ಟನ್ನೂ ಪುಕ್ಕಟೆ ಹೇಳಿಕೊಟ್ಟ. ಹೂವಿನ ಮೇಲೆ ಹನಿ ಇದ್ದರೇ ಚಿತ್ರಕ್ಕೆ ಕಳೆಯಂತೆ. ಬರೀ ನೀರು ಹೊಡೆದರೆ ಜಾರಿಹೋಗುತ್ತದೆ, ಗ್ಲಿಸರಿನ್ ಬೆರೆಸಿ ಹೊಡೆದರೆ ಮುತ್ತಿನ ಹಾಗೆ ಕೂರುತ್ತದೆ. ಗಂಡನ ಮನೆಗೆ ಹೊರಡುವಾಗ ಅಳು ಬಾರದ ಮದುಮಗಳ ಕೆನ್ನೆಗೂ ಆತ ಅದನ್ನೇ ಹಚ್ಚುತ್ತಿದ್ದನಂತೆ. "ಇಬ್ಬನಿಗೆ ಕಾಯ್ತಾ ಕೂತ್ರೆ ನಿಮ್ಮ ಪೆನ್ಷನ್ನೇ ಮುಗೀತದೆ" ಎಂದು ನಕ್ಕ. ಗ್ಲಿಸರಿನ್ ಸೀಸೆ ಖಾಲಿಯಾದ ದಿನ ನಾನು ನನ್ನ ವಿಜ್ಞಾನವನ್ನು ಬಳಸಿದೆ. ಬೇಕಾದದ್ದು ಅಂಟು ತಾನೇ? ಸಕ್ಕರೆ ಪಾಕವೂ ಅಂಟುತ್ತದೆ. ಅಂದಿನಿಂದ ಹೆಂಡತಿಯ ಸಕ್ಕರೆ ಡಬ್ಬಿ ಬೇಗ ಬೇಗ ಖಾಲಿಯಾಗತೊಡಗಿತು, ಅವಳು ಇರುವೆಗಳನ್ನು ಬೈಯತೊಡಗಿದಳು.

ಬೇಲಿಯಾಚೆ ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಹೆಂಗಸೊಬ್ಬಳಿದ್ದಾಳೆ. ನಾವು ಅವಳನ್ನು ಆಚೆಮನೆ ಅಕ್ಕ ಎನ್ನುತ್ತೇವೆ. ಭತ್ತ ಕೊಯ್ದ ಗದ್ದೆಯಲ್ಲಿ ಬೆಂಡೆ, ಹರಿವೆ, ಮೆಣಸು ಬೆಳೆದು ಪೇಟೆಗೆ ಕೊಡುವ ಮನೆ. ಅವಳ ಕೈಗುಣಕ್ಕೆ ಕೇರಿಯಲ್ಲೆಲ್ಲ ಹೆಸರಿತ್ತು. ಯಾರ ಹಿತ್ತಲಲ್ಲಿ ಏನು ಬಿತ್ತುವುದಿದ್ದರೂ ಮೊದಲಿನ ಬೀಜಕ್ಕೆ ಅವಳನ್ನೇ ಕರೆಯುತ್ತಿದ್ದರು. ಅವಳು ಬಂದು, ಬಲಗೈಯ ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಊರಿ, ಕುಳಿಗೆ ಬೀಜ ಹಾಕಿ ಮುಚ್ಚಿ, ಹಳೇ ಹಾಡಿನ ಒಂದೆರಡು ಸಾಲು ಗುನುಗಿ, ಚಾ ಕುಡಿದು ಹೋಗುತ್ತಿದ್ದಳು. ನಾನು ಹಾಕಿದ ಬೆಂಡೆ ಹುಟ್ಟದೆ, ಪಕ್ಕದಲ್ಲೇ ಅವಳು ಹಾಕಿದ್ದು ಮೊಣಕಾಲೆತ್ತರ ಬಂದಾಗಲೆಲ್ಲ ನಾನು ಮಣ್ಣಿನ ಸಾರಜನಕದ ವಿಷಯ ಹೇಳಿ ಮಾನ ಉಳಿಸಿಕೊಂಡಿದ್ದೇನೆ.

ಅವಳ ದೊಡ್ಡ ಆಸ್ತಿ ಮೊಗೆಕಾಯಿ ಬೀಜ. ಮೊಗೆಕಾಯಿ ಎಂದರೆ ನಮ್ಮಲ್ಲಿ ಸಾಂಬಾರಿಗೆ ಹಾಕುವ ದಪ್ಪ ಸೌತೆ. ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ನೇತುಹಾಕಿದರೆ ಮಳೆಗಾಲ ಪೂರ್ತಿ ಕೆಡದೆ ಇರುತ್ತದೆ. ಅವಳದ್ದು ಅಂಗಡಿಯಲ್ಲಿ ಸಿಗುವ ಜಾತಿಯಲ್ಲ. ಮದುವೆಯಾಗಿ ಮಂಕಿಯಿಂದ ಬರುವಾಗ ಅವಳ ತಾಯಿ ಸೆರಗಿಗೆ ಕಟ್ಟಿಕೊಟ್ಟ ಬೀಜ. ಹಸಿರು ಮೈಮೇಲೆ ಬಿಳಿ ಗೆರೆ, ಹಣ್ಣಾದರೆ ಅರಿಸಿನದ ಬಣ್ಣ, ತಿರುಳಿಗೆ ಚೂರು ಹುಳಿ. ಪ್ರತಿವರ್ಷ ಒಂದು ಕಾಯನ್ನು ಬೀಜಕ್ಕೆಂದೇ ಬಳ್ಳಿಯಲ್ಲಿ ಬಿಟ್ಟು, ಬೀಜವನ್ನು ಬೂದಿ ಸಗಣಿಯಲ್ಲಿ ಕಲಸಿ, ಬಿಲ್ಲೆ ಮಾಡಿ, ಅಡುಗೆಮನೆಯ ಗೋಡೆಗೆ ಬಡಿದಿಡುತ್ತಿದ್ದಳು. ತವರಿನಲ್ಲಿ ಈಗ ಆ ಜಾತಿ ಇಲ್ಲ, ಅವರ ಗದ್ದೆ ಸಿಗಡಿ ಕೆರೆಯಾಗಿದೆ. ಲೋಕದಲ್ಲಿ ಉಳಿದಿದ್ದದ್ದು ಅವಳ ಗೋಡೆಯ ಮೇಲಿನ ಒಂದು ಬಿಲ್ಲೆ ಮಾತ್ರ.

ಹೋದ ಮಳೆಗಾಲ ಆ ಗೋಡೆಗೆ ನೀರಿಳಿದು ಬಿಲ್ಲೆಗೆ ಬೂಷ್ಟು ಹಿಡಿಯಿತು. ಊರಿದ ಅಷ್ಟೂ ಬೀಜದಲ್ಲಿ ಹುಟ್ಟಿದ್ದು ಒಂದೇ ಬಳ್ಳಿ. ಅದರ ಮೊದಲೆರಡು ಮಿಡಿಯನ್ನು ನವಿಲು ಕುಕ್ಕಿತು. ಎಲೆಗೆ ಹಳದಿ ರೋಗವೂ ಹತ್ತಿತು. ಮೂರನೆಯ ಹೆಣ್ಣುಹೂವು ಮೊಗ್ಗಾದಾಗ ಅವಳು ಬೇಲಿಯ ಹತ್ತಿರ ಬಂದು, "ಮಾಸ್ತರ್ರೇ, ಇದೊಂದು ಕಾಯಾದ್ರೆ ನಮ್ಮ ಅವ್ವಿ ಬೀಜ ಉಳೀತು. ಇಲ್ದಿದ್ರೆ ಆತು, ಮುಗೀತು" ಎಂದಳು.

ನನಗೆ ಕೇಳಿಸಿದ್ದು ಹೂವು ಅರಳುತ್ತದೆ ಎಂಬ ಸುದ್ದಿ ಮಾತ್ರ. ಮೊಗೆಬಳ್ಳಿಯಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಹೆಣ್ಣುಹೂವಿನ ಹಿಂದೆ ಹುಟ್ಟುವಾಗಲೇ ಕಿರುಬೆರಳ ತುದಿಯಷ್ಟು ಮಿಡಿ ಇರುತ್ತದೆ, ಮೈತುಂಬ ಬಿಳಿ ರೋಮ. ಮ್ಯಾಕ್ರೋ ಲೆನ್ಸ್ ಇದ್ದವನ ಬಾಯಲ್ಲಿ ನೀರೂರುವ ಸಂಗತಿ ಅದು. ಒಂದು ಫೋಟೋ ತೆಗೆಯಲೇ ಎಂದು ಕೇಳಿದೆ.

"ತೆಗೀರಿ. ಬೆರಳು ಮಾತ್ರ ತೋರ್ಸೂಕಾಗ" ಎಂದಳು.

ಇದು ನಮ್ಮ ಕಡೆಯ ಹಳೇ ಕಟ್ಟಳೆ. ಎಳೆ ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆತು ಬೀಳುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಈ ನಂಬಿಕೆಯ ಮೇಲೆ ನಾನು ಪ್ರತಿ ವರ್ಷ ಒಂದು ಪಿರಿಯಡ್ ಭಾಷಣ ಮಾಡುತ್ತಿದ್ದೆ. ಬೆರಳಿನಿಂದ ಕಿರಣ ಹೊರಡುತ್ತದೆಯೇ ಎಂದು ಕೇಳಿದರೆ ಮಕ್ಕಳು ಹೋ ಎಂದು ನಗುತ್ತಿದ್ದವು. ಆಮೇಲೆ ಮನೆಗೆ ಹೋಗಿ ಬೆರಳು ಮಡಿಸಿಯೇ ತೋರಿಸುತ್ತಿದ್ದವು. ಅವಳಿಗೂ ಕೇಳಿದೆ: "ಬೆರಳು ತೋರ್ಸೂಕಾಗ, ಇಷ್ಟು ದೊಡ್ಡ ಲೆನ್ಸ್ ತೋರ್ಸೂಕೆ ಅಡ್ಡಿಲ್ವಾ?"

ಅವಳು ಲೆನ್ಸನ್ನು ಅತ್ತಿತ್ತ ನೋಡಿ, "ಅದ್ಕೆ ಉಗುರಿಲ್ಲ ಅಲ್ದ?" ಎಂದಳು.

ಮರುದಿನ ಹೂವು ಅರಳಿತು. ಬೇಗ ಏಳಬೇಕೆಂದುಕೊಂಡಿದ್ದೆ, ಎದ್ದೆ ಕೂಡ. ಆದರೆ ಎರಡು ಲೋಟ ಚಾ ಕುಡಿದು, ಪೇಪರ್ ಓದಿ, ಕ್ಯಾಮೆರಾ ಒರೆಸಿ ಹೊರಡುವಾಗ ಎಂಟು ದಾಟಿತ್ತು. ಸೊಪ್ಪಿನ ಮೇಲಿನ ನಿಜವಾದ ಇಬ್ಬನಿ ಆರಿಹೋಗಿತ್ತು. ಇನ್ನರ್ಧ ಗಂಟೆಯಲ್ಲಿ ಕಡಲಿನ ಗಾಳಿ ಎದ್ದರೆ ಹೂವು ತಲೆ ಅಲ್ಲಾಡಿಸತೊಡಗುತ್ತದೆ, ಆಮೇಲೆ ಮ್ಯಾಕ್ರೋ ಇಲ್ಲ, ಮಣ್ಣೂ ಇಲ್ಲ. ಅವಳು ಗಂಡುಹೂವೊಂದನ್ನು ಕಿತ್ತು ಹಿಡಿದು ಕಾಯುತ್ತಿದ್ದಳು. ಒಂದೇ ಬಳ್ಳಿ, ಜೇನ್ನೊಣದ ಮೇಲೆ ಭರವಸೆ ಇಡುವುದು ಹೇಗೆ? ಗಂಡುಹೂವನ್ನು ಹೆಣ್ಣುಹೂವಿಗೆ ತಾನೇ ಮುಟ್ಟಿಸುವುದೆಂದು ಅವಳ ಲೆಕ್ಕಾಚಾರ.

"ಎಲ್ಲಿದೆ ಹೂವು?" ಎಂದೆ.

"ಅಕಾ, ಆ ಎಲೆ ಅಡಿಗೆ." ಮಡಿಸಿದ ಬೆರಳು. ಮಡಿಸಿದ ಬೆರಳಿನ ದೋಷವೆಂದರೆ ಅದು ನಾಲ್ಕೂ ದಿಕ್ಕಿಗೆ ತೋರಿಸುತ್ತದೆ. ಆದರೂ ಎರಡನೇ ಸಲಕ್ಕೇ ನನಗೆ ಹೂವು ಕಂಡಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮಾಸ್ತರನ ಚಟ ಎಲ್ಲಿ ಹೋಗುತ್ತದೆ? ಅವಳನ್ನು ಕೆಣಕಬೇಕೆನ್ನಿಸಿತು. ಕಾಣುವುದಿಲ್ಲ ಅಕ್ಕ, ಎಲ್ಲಿ, ಎಲ್ಲಿ ಎಂದು ಮತ್ತೆ ಮತ್ತೆ ಕೇಳಿದೆ. ನಾಲ್ಕನೇ ಸಲಕ್ಕೆ ಅವಳಿಗೆ ಸಿಟ್ಟು ಬಂತು. "ಅಕಾ ಅಲ್ಲಿ ಮಾರಾಯ್ರೇ, ಕಣ್ಣಿಲ್ವಾ ನಿಮ್ಗೆ!" ಎಂದು ಬೆರಳನ್ನು ನೆಟ್ಟಗೆ ಮಿಡಿಯ ಕಡೆ ಚಾಚಿಬಿಟ್ಟಳು.

ಮರುಕ್ಷಣ ಕಾದ ಕಾವಲಿ ಮುಟ್ಟಿದವಳಂತೆ ಕೈ ಎಳೆದುಕೊಂಡು ಬೆರಳು ಕಚ್ಚಿಕೊಂಡಳು. "ಅಯ್ಯೋ ದೇವರೇ, ತೋರ್ಸೇಬಿಟ್ನಲ್ರಾ!"

ನಾನು ನಕ್ಕೆ. "ಬಂತಾ ಕಿರಣ?" ಎಂದೂ ಕೇಳಿದೆ.

ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಕರು ಹಗ್ಗ ಬಿಚ್ಚಿಕೊಂಡಿತೆಂದು ಅವಳು ಅತ್ತ ಓಡಿದಳು. ನಾನು ಗೋಣಿಚೀಲ ಹಾಸಿ ಮಲಗಿದೆ, ಜೇಬಿನಿಂದ ಸಣ್ಣ ಸ್ಪ್ರೇ ಬಾಟಲಿ ತೆಗೆದು ಹೂವಿನ ಮೇಲೆ ನಾಲ್ಕು ಸಲ ಒತ್ತಿದೆ. ಪಾಕ ಚೆನ್ನಾಗಿ ಕೂತಿತು. ಹಳದಿ ದಳದ ಮೇಲೆ ಹನಿ, ಮಿಡಿಯ ರೋಮದ ತುದಿಯಲ್ಲಿ ಹನಿ, ಹೂವಿನ ನಡುವೆ ಒಂದು ದೊಡ್ಡ ಹನಿ. ಒಂದೆರಡು ಇರುವೆಯೂ ಬಂದವು, ಅದೂ ನನ್ನ ಅದೃಷ್ಟ ಎಂದುಕೊಂಡೆ. ಇಪ್ಪತ್ತು ಮೂವತ್ತು ಚಿತ್ರ ತೆಗೆದೆ. ಅಷ್ಟು ಚೆಂದದ ಚಿತ್ರ ಅದಕ್ಕೆ ಮೊದಲು ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ.

ಅವಳು ಕರು ಕಟ್ಟಿ ಬಂದಳು. ಕನ್ನಡಕ ಮನೆಯಲ್ಲೇ ಬಿಟ್ಟಿದ್ದಳು. ಬಗ್ಗಿ ನೋಡಿ, "ಎಂತ, ಹೂ ಒದ್ದೆ ಆಯ್ದಲ್ಲ?" ಎಂದಳು.

"ಇಬ್ಬನಿ" ಎಂದೆ.

ಯಾಕೆ ಹಾಗೆ ಹೇಳಿದೆ? ನೀವು ನಂಬಲಿಕ್ಕಿಲ್ಲ, ಹೂವಿಗೆ ಏನಾದರೂ ಆಗಬಹುದೆಂಬ ಹೆದರಿಕೆಯಿಂದ ಅಲ್ಲ. ನಿತ್ಯ ಐದಕ್ಕೇ ಎದ್ದು ಇಬ್ಬನಿಯಲ್ಲೇ ನಡೆದಾಡುವ ಹೆಂಗಸಿನ ಎದುರು, ಇಬ್ಬನಿಯನ್ನು ಬಾಟಲಿಯಲ್ಲಿ ತಂದೆ ಎಂದು ಹೇಳಲು ನಾಚಿಕೆಯಾಯಿತು. ಅವಳು "ಹೌದಾ" ಎಂದು ಗಂಡುಹೂವನ್ನು ಹೆಣ್ಣುಹೂವಿನ ನಡುವಿಗೆ ಮುಟ್ಟಿಸಿದಳು. ಪರಾಗವೆಲ್ಲ ಪಾಕದ ದೊಡ್ಡ ಹನಿಯೊಳಗೆ ಮುದ್ದೆಯಾಯಿತು. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು ನನ್ನ ಕಣ್ಣೆದುರೇ ಹಾಳಾಗುತ್ತಿತ್ತು, ನಾನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಚಿತ್ರ ನೋಡುತ್ತ ಕೂತಿದ್ದೆ.

ಮಧ್ಯಾಹ್ನ ಹೋಗಿ ನೋಡಿದಾಗ ಹೂವಿನ ತುಂಬ ಕೆಂಪಿರುವೆ. ಉಫ್ ಉಫ್ ಎಂದು ಊದಿ ಬಂದೆ. ನಾಲ್ಕನೇ ದಿನ ಮಿಡಿ ಹಳದಿಯಾಯಿತು. ಆರನೇ ದಿನ ಉದುರಿತು. ಬಳ್ಳಿಯೂ ಆಮೇಲೆ ಹೆಚ್ಚು ದಿನ ಇರಲಿಲ್ಲ.

ಉದುರಿದ ಮಿಡಿಯನ್ನು ಅಂಗೈಯಲ್ಲಿಟ್ಟುಕೊಂಡು ಅವಳು ನಮ್ಮ ಜಗುಲಿಗೆ ಬಂದಳು. ಕೂರಲಿಲ್ಲ. "ನನ್ನ ಬೆರಳೇ ತಿಂತು ಮಾಸ್ತರ್ರೇ" ಎಂದಳು. "ಅವ್ವಿ ಕೊಟ್ಟ ಬೀಜ. ನನ್ನ ಕೈಯಾರೆ ಹೋತು."

ಬೆರಳಿನಿಂದ ಎಂತದೂ ಆಗುವುದಿಲ್ಲ ಎಂದು ಹೇಳಬೇಕಾದ ಗಳಿಗೆ ಅದು. ಇಷ್ಟು ವರ್ಷ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ, ನಿಜವಾಗಿ ಬೇಕಾದವಳಿಗೆ ಹೇಳುವ ಅವಕಾಶ ಈಗ ಬಂದಿತ್ತು. ಆದರೆ ಹೇಳಿದರೆ ಅವಳು ಮುಂದಿನ ಪ್ರಶ್ನೆ ಕೇಳುತ್ತಾಳೆ: ಮತ್ತೆ ಎಂತಕ್ಕೆ ಕೊಳೀತು? ನಾನು, "ಹಾಂಗೂ ಇರಬಹುದು ಅಕ್ಕ, ಯಾರಿಗೆ ಗೊತ್ತು" ಎಂದೆ. ಜೀವಮಾನವಿಡೀ ಮೂಢನಂಬಿಕೆಯ ಜೊತೆ ಜಗಳ ಆಡಿದವನ ಸಹಾಯಕ್ಕೆ ಕೊನೆಗೆ ಬಂದದ್ದು ಅದೇ ಮೂಢನಂಬಿಕೆ. ಅವಳು ತಲೆ ತಗ್ಗಿಸಿ ಹೋದಳು.

ಅಂದಿನಿಂದ ಅವಳು ಬಲಗೈಯ ತೋರುಬೆರಳನ್ನು ಮಡಿಸಿಕೊಂಡೇ ಓಡಾಡತೊಡಗಿದಳು. ಮಾತಾಡುವಾಗಲೂ ಮಡಿಸಿದ್ದೇ, ನೀರು ಸೇದುವಾಗಲೂ ಮಡಿಸಿದ್ದೇ. ಕೇರಿಯ ಕೊನೆಯ ಮನೆಯವರು ಮೆಣಸಿನ ಬೀಜ ಹಾಕಲು ಕರೆದರೆ, "ನನ್ನ ಕೈಗುಣ ಹೋತು, ಬೇರೆ ಯಾರನ್ನಾರೂ ಕರೀರಿ" ಎಂದು ಕಳಿಸಿದಳು. ತನ್ನ ಗದ್ದೆಯಲ್ಲೂ ಹರಿವೆಯನ್ನು ಸೊಸೆಯ ಕೈಯಲ್ಲಿ ಹಾಕಿಸಿದಳು, ತಾನು ಬದುವಿನ ಮೇಲೆ ಕೂತು ನೋಡಿದಳು. ಹಾಡೂ ಕೇಳಿಸುತ್ತಿರಲಿಲ್ಲ. ನನ್ನ ಹೆಂಡತಿ, "ಅಕ್ಕಂಗೆ ಎಂತಾತು? ಒಂದು ಸೌತೆಕಾಯಿಗೆ ಇಷ್ಟಾ?" ಎಂದು ಕೇಳಿದರೆ ನಾನು ಲೆನ್ಸ್ ಒರೆಸುತ್ತಿದ್ದೆ.

ಹಾಗಂತ ಸುಮ್ಮನೆ ಕೂತವನಲ್ಲ. ಮೊದಲು ನನ್ನ ಜೊತೆ ನಾನೇ ವಾದ ಮಾಡಿದೆ. ಹಣ್ಣುನೊಣ ಆಗಿರಬಹುದು, ಹಳದಿ ರೋಗ ಆಗಿರಬಹುದು. ಸಕ್ಕರೆ ನೀರಿನಲ್ಲಿ ಪರಾಗ ಮೊಳೆಯುತ್ತದೆ ಎಂಬ ಪ್ರಯೋಗವನ್ನು ನಾನೇ ಮಕ್ಕಳಿಗೆ ತೋರಿಸಿದ್ದೆನಲ್ಲ? ಹೌದು, ಆದರೆ ಅದು ತೆಳ್ಳಗಿನ ನೀರು, ಮತ್ತೆ ಅಲ್ಲಿ ಇರುವೆ ಇರಲಿಲ್ಲ. ವಾದದಲ್ಲಿ ಸೋತ ಮೇಲೆ ಸ್ಕೂಟರ್ ಹತ್ತಿ ಮಂಕಿಗೆ ಹೋದೆ, ಬಿಳಿ ಗೆರೆಯ ಮೊಗೆಕಾಯಿ ಇದೆಯೇ ಎಂದು ಮನೆಮನೆ ಕೇಳಿದೆ. ಒಂದು ಮನೆಯಲ್ಲಿ ನನ್ನನ್ನು ಜನಗಣತಿಯವನೆಂದು ಎಣಿಸಿ ಆಧಾರ್ ಕಾರ್ಡ್ ತಂದುಕೊಟ್ಟರು. ಕೊನೆಗೆ ಕುಮಟಾ ಸಂತೆಯಲ್ಲಿ ಗೆರೆ ಇದ್ದ ಒಂದು ಕಾಯಿ ಸಿಕ್ಕಿತು. ದೊಡ್ಡ ಉಪಕಾರ ಮಾಡುವವನ ಮುಖ ಹೊತ್ತು ಅವಳಿಗೆ ಕೊಟ್ಟೆ. ಅವಳು ಅದನ್ನು ಗೆಣ್ಣಿನಿಂದ ಬಡಿದು ನೋಡಿ, "ಇದು ನಮ್ದಲ್ಲ. ಸಾಂಬಾರಿಗೆ ಆತು, ಪಾಪ, ನೀವಾದ್ರೂ ನೆನಪಿಟ್ಕಂಡು ತಂದ್ರಿ" ಎಂದಳು. ಆ "ಪಾಪ" ಎಂಬ ಮಾತು ನನಗೆ ಎರಡು ದಿನ ಊಟ ರುಚಿಸದ ಹಾಗೆ ಮಾಡಿತು.

ಮೂರನೇ ದಿನ ಮತ್ತೆ ರುಚಿಸಿತು. ಯಾಕೆಂದರೆ ಫೋಟೋಗೆ ಬಹುಮಾನ ಬಂದಿತ್ತು. ಒಂದು ಸ್ಪರ್ಧೆಗೆ ಕಳಿಸಿದ್ದೆ, ಶೀರ್ಷಿಕೆ "ಮುಂಜಾವಿನ ಇಬ್ಬನಿ". ಪ್ರಕೃತಿಯ ಸಹಜ ಕ್ಷಣವನ್ನು ಕೃತಕತೆಯ ಸೋಂಕಿಲ್ಲದೆ ಹಿಡಿದಿದ್ದಕ್ಕೆ ಎರಡನೇ ಸ್ಥಾನ ಎಂದು ಪ್ರಮಾಣಪತ್ರದಲ್ಲಿ ಬರೆದಿದ್ದರು. ಕಿಟಕಿಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗಾಜು ಕೂರಿಸಿ, ಮಲಗುವ ಕೋಣೆಯಲ್ಲಿ ತೂಗುಹಾಕಿದೆ. ಪಡಸಾಲೆಯಲ್ಲಿ ಹಾಕುವ ಧೈರ್ಯ ಬರಲಿಲ್ಲ. ಕಾರಣ ಗೊತ್ತಿಲ್ಲದ ಹೆಂಡತಿ ನಾನು ಪೇಟೆಗೆ ಹೋದ ಒಂದು ದಿನ ಅದನ್ನು ತೆಗೆದು ಪಡಸಾಲೆಗೆ ತಂದು ಹಾಕಿದಳು. ಸಾಲದ್ದಕ್ಕೆ, ಮನಸ್ಸು ಹಗುರಾಗಲಿ ಎಂದು ಆಚೆಮನೆ ಅಕ್ಕನನ್ನು ಚಾಕ್ಕೆ ಕರೆದಳು. ನಾನು ಚೀಲ ಹಿಡಿದು ಒಳಗೆ ಬರುವಾಗ ಅವಳು ಚಿತ್ರದ ಎದುರು ನಿಂತಿದ್ದಳು. ಈ ಸಲ ಕನ್ನಡಕ ಹಾಕಿಕೊಂಡಿದ್ದಳು.

"ಇದು ನಮ್ಮ ಹೂವಲ್ದ?" ಎಂದಳು. ಮಿಡಿಯನ್ನು ಗಾಜಿನ ಮೇಲಿಂದಲೇ ಮಡಿಸಿದ ಬೆರಳಿನಿಂದ ಸವರಿದಳು. ಕಣ್ಣಲ್ಲಿ ನೀರಿತ್ತು. ಹೋದ ಮಿಡಿ ಅವಳೆದುರು ಕುಂಬಳಕಾಯಿಯಷ್ಟು ದೊಡ್ಡದಾಗಿ ನಿಂತಿತ್ತು, ಒಂದೊಂದು ರೋಮವೂ ಕಾಣುತ್ತಿತ್ತು. ಅವಳು ಇನ್ನೂ ಹತ್ತಿರ ಹೋದಳು.

"ಇರುವೆ ಎಂತ ಮಾಡ್ತದೆ ಇಲ್ಲಿ?"

"ಇಬ್ಬನಿ ಕುಡೀತದೆ" ಎಂದಳು ನನ್ನ ಹೆಂಡತಿ, ಕೆಳಗಿನ ಶೀರ್ಷಿಕೆಯನ್ನು ಹೆಮ್ಮೆಯಿಂದ ತೋರಿಸುತ್ತ.

ಆಚೆಮನೆ ಅಕ್ಕ ಕನ್ನಡಕ ಸರಿಮಾಡಿಕೊಂಡಳು. "ಇಬ್ಬನಿಗೆ ಇರುವೆ ಮುತ್ತೂದಿಲ್ಲ" ಎಂದಳು. "ನಾನು ಹುಟ್ಟಿದ ಲಾಗಾಯ್ತು ಕಾಣ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಮಾಸ್ತರ್ರೇ, ಎಂತ ಹಾಕಿದ್ರಿ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಚಿತ್ರದ ಎದುರು ನಿಂತು ಹೇಳುವುದು ಹೇಗೆ? ಇರುವೆಯ ಕಾಲು ಪಾಕದಲ್ಲಿ ಅಂಟಿದ್ದು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಒಳ್ಳೆಯ ಲೆನ್ಸ್ ಅದು.

"ಸಕ್ಕರೆ ಪಾಕ" ಎಂದೆ.

"ಎಷ್ಟು ಗಟ್ಟಿ?"

"ಜಾಮೂನಿಗೆ ಹಾಕುವಷ್ಟು."

ನನ್ನ ಹೆಂಡತಿ ಚಾ ಲೋಟ ಕೆಳಗಿಟ್ಟು, "ಥೂ ನಿಮ್ಮ!" ಎಂದಳು. ಆಚೆಮನೆ ಅಕ್ಕ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು. "ಹಾಂಗಾರೆ ನನ್ನ ಬೆರಳಲ್ಲ" ಎಂದಳು. ಇನ್ನೊಮ್ಮೆ ತನಗೆ ಮಾತ್ರ ಕೇಳಿಸುವಂತೆ, "ನನ್ನ ಬೆರಳಲ್ಲ" ಎಂದಳು. ತಿಂಗಳುಗಟ್ಟಲೆ ಮಡಿಸಿಟ್ಟ ಬೆರಳು ಮೆಲ್ಲಗೆ ಬಿಚ್ಚಿಕೊಂಡಿತು. ಅದನ್ನು ನೆಟ್ಟಗೆ, ಉಗುರು ಸಮೇತ, ನನ್ನ ಎದೆಯ ಕಡೆ ಚಾಚಿ, "ನೀವು" ಎಂದಳು. ಅಷ್ಟೇ. ಚಾ ಮುಟ್ಟದೆ ಹೋದಳು. ಬೆರಳು ತೋರಿಸಿದರೆ ಯಾವುದೂ ಕೊಳೆಯುವುದಿಲ್ಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ, ಆದರೆ ಆವತ್ತು ಎದೆಯ ಆ ಜಾಗವನ್ನು ನಾಲ್ಕೈದು ಸಲ ಮುಟ್ಟಿ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ಬೇಲಿಯಾಚೆ ಹಾಡು ಕೇಳಿಸಿತು. ಮಳೆಗೆ ಮುಂಚೆ ಬೆಂಡೆ ಬೀಜ ಹಾಕುವ ಕಾಲ. ಅವಳು ಮಣ್ಣು ಹದ ಮಾಡಿ, ಕುಕ್ಕರಗಾಲಲ್ಲಿ ಕೂತು, ಬಲಗೈಯ ಅದೇ ಬೆರಳನ್ನು ಎರಡು ಗೆಣ್ಣು ಊರಿ ಊರಿ ಸಾಲಾಗಿ ಕುಳಿ ಮಾಡುತ್ತಿದ್ದಳು. ನಾನು ಕ್ಯಾಮೆರಾ ಬಿಟ್ಟು ಬೇಲಿ ದಾಟಿ ಹೋಗಿ ನಿಂತೆ. ಹಾಡು ನಿಂತಿತು.

"ತಪ್ಪಾಯ್ತು ಅಕ್ಕ" ಎಂದೆ.

ಅವಳು ತಲೆ ಎತ್ತಲಿಲ್ಲ. "ತಪ್ಪಾಯ್ತು ಅಂದ್ರೆ ಬೀಜ ಬತ್ತದ್ಯಾ?"

ಬರುವುದಿಲ್ಲ. ಅವಳು ಇನ್ನೂ ನಾಲ್ಕು ಕುಳಿ ಮಾಡಿದಳು, ನಾಲ್ಕಕ್ಕೂ ಬೀಜ ಹಾಕಿ ಮುಚ್ಚಿದಳು.

"ಸುಮ್ನೆ ನಿಂತ್ಕಂಡ್ರೆ ಎಂತ ಆತು? ಕೊಡಪಾನ ಅಲ್ಲಿದೆ, ಬಾವಿಂದ ನೀರು ತಕ್ಕಂಡು ಬನ್ನಿ."

ನಾನು ಕೊಡಪಾನ ಎತ್ತಿಕೊಂಡು ಬಾವಿಯ ಕಡೆ ಹೊರಟೆ. ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಕೂಗಿದಳು.

"ಬರೀ ನೀರು, ಮಾಸ್ತರ್ರೇ."